ಲೋಥಾರನ ಅಪ್ಪನ ಪದಕಗಳು

ಲೋಥಾರ್ ಟ್ರೀಬೆಲ್‌ನನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. ಮೀಸೆಗೆ ಹತ್ತಿದ ಬಿಯರಿನ ನೊರೆಯನ್ನು ನನ್ನ ಮೇಜಿನ ಬಟ್ಟೆಗೆ ಒರೆಸುವುದು, ಸಾಸೇಜಿನ ಸಿಪ್ಪೆಯನ್ನು ಬೂದಿಬಟ್ಟಲಿಗೆ ತುರುಕುವುದು, ಇಂಥವನ್ನೆಲ್ಲ ಹೋಟೆಲು ಇಟ್ಟುಕೊಂಡವಳು ನುಂಗಿಕೊಳ್ಳಲೇಬೇಕು. ನುಂಗಿಕೊಂಡೆ. ಆದರೆ ಶುಕ್ರವಾರ ಸಂಜೆ ಅವನು ಕೋಟಿನ ಒಳಗಿನಿಂದ ಆ ಪದಕಗಳ ಪಟ್ಟಿಯನ್ನು ತೆಗೆದು ಮೇಜಿನ ಮೇಲಿಟ್ಟು ಆಫ್ರಿಕಾದ ಕಥೆ ಶುರುಮಾಡಿದನೆಂದರೆ ನನಗೆ ಅಲ್ಲಿ ನಿಲ್ಲಲಾಗುತ್ತಿರಲಿಲ್ಲ. ಅಡುಗೆಮನೆಗೆ ಹೋಗಿ ಬೇಕೆಂದೇ ಪಾತ್ರೆ ಸದ್ದು ಮಾಡುತ್ತಿದ್ದೆ.

ಹೇಳಿಕೊಳ್ಳುವಂಥ ಬದುಕೇನೂ ಅಲ್ಲ ಅವನದು. ಮೊದಲ ಮಹಾಯುದ್ಧ ಸೋತು ನಮ್ಮ ಡ್ಯೂಕ್ ದೊರೆ ಗಂಟುಮೂಟೆ ಕಟ್ಟಿಕೊಂಡು ಅರಮನೆ ಬಿಟ್ಟು ಹೋದ ಮರುವರ್ಷ ಇದೇ ಊರಿನಲ್ಲಿ ಹುಟ್ಟಿದ. ಎರಡನೆಯ ಯುದ್ಧ ಬಂದಾಗ ಡೆನ್ಮಾರ್ಕಿನಲ್ಲಿ ಸೈನ್ಯದ ಉಗ್ರಾಣ ಕಾದುಕೊಂಡಿದ್ದು, ಬೆಣ್ಣೆ ತಿಂದು ಕೆನ್ನೆ ತುಂಬಿಸಿಕೊಂಡು ಬಂದ. ಆಮೇಲೆ ಪೂರ್ವ ಜರ್ಮನಿ ಎಂಬುದೊಂದು ಇದ್ದಷ್ಟು ಕಾಲವೂ ಸಹಕಾರಿ ಅಂಗಡಿಯಲ್ಲಿ ತಕ್ಕಡಿ ಹಿಡಿದ. ಆಲೂಗಡ್ಡೆಯ ಜೊತೆ ತನ್ನ ಹೆಬ್ಬೆರಳನ್ನೂ ತೂಗುತ್ತಾನೆ ಎಂದು ಹೆಂಗಸರು ಶಾಪ ಹಾಕುತ್ತಿದ್ದರು. ಹೆಂಡತಿ ಲೈಪ್‌ಜಿಗ್‌ನ ಅಕ್ಕನ ಮನೆಗೆಂದು ಹೋದವಳು ತಿರುಗಿ ಬರಲಿಲ್ಲ. ಮಕ್ಕಳಾಗಿರಲಿಲ್ಲ. ಕೋಳಿ ಸಾಕಿಕೊಂಡು ಒಬ್ಬನೇ ಇದ್ದ.

ಎರಡು ಜರ್ಮನಿಗಳು ಒಂದಾದವು ನೋಡಿ, ಅಲ್ಲಿಯವರೆಗೆ ಬಾಯಿಗೆ ಬೀಗ ಹಾಕಿಕೊಂಡಿದ್ದವರೆಲ್ಲ ಅಟ್ಟದಿಂದ, ನೆಲಮಾಳಿಗೆಯಿಂದ ತಾತಂದಿರ ಸಾಮಾನನ್ನು ಎಳೆದು ತಂದರು. ಲೋಥಾರ್ ಕೋಳಿಗೂಡಿನ ಅಡಿಯಿಂದ ಮೇಣಬಟ್ಟೆಯ ಗಂಟೊಂದನ್ನು ಅಗೆದು ತೆಗೆದ. ಒಳಗೆ ಎಂಟು ಪದಕಗಳು. ಬಣ್ಣಬಣ್ಣದ ರಿಬ್ಬನ್ನುಗಳಲ್ಲಿ, ಒಂದರ ಮೇಲೊಂದು ಅರ್ಧ ಹತ್ತಿದಂತೆ, ಒಂದೇ ಪಟ್ಟಿಗೆ ಸಾಲಾಗಿ ಹೊಲಿದಿದ್ದವು. ಯಾವುದರ ಮೇಲೂ ಹೆಸರಿರಲಿಲ್ಲ. ಒಂದು ಬೆಳ್ಳಿ ಪದಕದ ಮೇಲೆ ಮಾತ್ರ ಆನೆಯಿತ್ತು.

ನಮ್ಮ ಕಡೆ ಎದೆಯ ಮೇಲೆ ಆನೆ ಎಂದರೆ ಆಫ್ರಿಕಾ, ಬೇರೆ ಮಾತೇ ಇಲ್ಲ. ನಮ್ಮ ಚಕ್ರವರ್ತಿ ಕೈಸರನ ಕಾಲದಲ್ಲಿ ಆಫ್ರಿಕಾದಲ್ಲಿ ಹೊಡೆದಾಡಿ ಬಂದ ಮುದುಕರು ಆನೆಯ ಬಿಲ್ಲೆ ಚುಚ್ಚಿಕೊಂಡು ಓಡಾಡುತ್ತಿದ್ದರು, ಅದನ್ನು ಎಲ್ಲರೂ ಬಲ್ಲರು. ಹಾಗಾಗಿ ಲೋಥಾರನ ಅಪ್ಪ ಆಲ್ವಿನ್ ಟ್ರೀಬೆಲ್ ಆಫ್ರಿಕಾದ ಮರಳುಗಾಡಿನಲ್ಲಿ ಕುದುರೆ ಓಡಿಸಿದ ಶೂರ ಎಂಬುದನ್ನು ನಮ್ಮೂರಿನ ಬಂದೂಕು ಸಂಘದವರು ಕಣ್ಣುಮುಚ್ಚಿ ನಂಬಿದರು. ನಂಬಬೇಡಿ ಎನ್ನುವವರಾದರೂ ಯಾರಿದ್ದರು? ಹಳಬರು ಸತ್ತಿದ್ದರು. ನನ್ನ ತಾಯಿತಂದೆ ಯುದ್ಧ ಮುಗಿದ ಮೇಲೆ ಸಿಲೇಸಿಯಾದಿಂದ ನಿರಾಶ್ರಿತರಾಗಿ ಕೈಗಾಡಿ ತಳ್ಳಿಕೊಂಡು ಬಂದವರು. ಸಂಘದ ಅಧ್ಯಕ್ಷ ಡೆಟ್ಲೆಫ್ ಬೋಕರನ ಮನೆಯವರೂ ಹಾಗೆಯೇ ಬಂದು ಸೇರಿದವರು. ಇಲ್ಲಿ ಯಾರಪ್ಪ ಏನಾಗಿದ್ದ ಎಂದು ನಮಗ್ಯಾರಿಗೂ ಗೊತ್ತಿರಲಿಲ್ಲ.

ಶುಕ್ರವಾರ ನನ್ನ ಹೋಟೆಲಿನಲ್ಲಿ ಸೇರುತ್ತಿದ್ದ ಸಂಘದ ಮೇಜಿನ ಮಾತು ಹೀಗಿರುತ್ತಿತ್ತು.

"ಅಲ್ಲಿನ ಜನರನ್ನ ಮರಳುಗಾಡಲ್ಲಿ ಅಟ್ಟಾಡಿಸೋ ಕಷ್ಟವೇ ಬೇಡ ಕಣ್ರೋ," ಎನ್ನುತ್ತಿದ್ದ ಲೋಥಾರ್. "ನೀರಿನ ಬಾವಿ ಪಕ್ಕ ಬಂದೂಕು ಹಿಡ್ಕೊಂಡು ಕೂತ್ರೆ ಸಾಕಿತ್ತಂತೆ. ಮುದುಕ್ರು, ಹೆಂಗಸ್ರು, ಮಕ್ಳು, ಎಲ್ಲಾ ತಾವಾಗೇ ತೆವಳ್ಕೊಂಡ್ ಬರೋರಂತೆ. ನಮ್ಮಪ್ಪ ಒಂದೇ ಒಂದ್ ಗುಂಡೂ ದಂಡ ಮಾಡ್ಲಿಲ್ವಂತೆ."

"ಅದಪ್ಪಾ ಗುರಿ ಅಂದ್ರೆ!" ಬೋಕರ್ ಮೇಜು ಗುದ್ದುತ್ತಿದ್ದ. "ರೋಸ್‌ವಿಥಾ, ಲೋಥಾರ್‌ಗೆ ಇನ್ನೊಂದು ತಾರಮ್ಮ, ನನ್ನ ಹೆಸರಲ್ಲಿ."

"ತರ್ತೀನಿ ತರ್ತೀನಿ. ನೀರಿಲ್ದೆ ಸತ್ತೋರ ಕಥೆ ಕೇಳ್ಕೊಂಡು ನಿಮ್ ಗಂಟ್ಲಲ್ಲಿ ಬಿಯರ್ ಹೆಂಗಿಳಿಯತ್ತೋ ಕಾಣೆ."

"ನೀನು ಆಲೂಗಡ್ಡೆ ಕಡುಬು ಬೇಯ್ಸಮ್ಮಾ, ಇತಿಹಾಸ ನಮಗ್ ಬಿಡು."

ಎಲ್ಲರೂ ಹೋ ಎಂದು ನಗುತ್ತಿದ್ದರು. ಹಂದಿಮಾಂಸದ ಜಿಡ್ಡು ಗಡ್ಡಕ್ಕೆ ಇಳಿದಿರುತ್ತಿತ್ತು. ಹಸಿರು ಕೋಟು, ಟೋಪಿಗೊಂದು ಗರಿ, ಹೊಟ್ಟೆಯ ಮೇಲೆ ಬಿಗಿದ ಗುಂಡಿಗಳು. ಥೂ! ಒಂದು ಮಗು ಬಾವಿಯ ಹತ್ತಿರ ತೆವಳುವುದನ್ನು ಬಾಯಿ ಚಪ್ಪರಿಸುತ್ತ ಕೇಳುವವರಿಗೆ ಊಟ ಬಡಿಸುವ ಹಣೆಬರಹ ನನ್ನದಾಗಿತ್ತು.

ಹೀಗೇ ಒಂದೆರಡು ವರ್ಷ ಕಳೆದ ಮೇಲೆ, ಒಂದು ವಸಂತದಲ್ಲಿ ಸ್ಮಶಾನದ ಮಾತು ಬಂತು. ನಮ್ಮಲ್ಲಿ ಸತ್ತವರಿಗೂ ಬಾಡಿಗೆಯ ಜಾಗವೇ. ಅವಧಿ ಮುಗಿದರೆ ಕಲ್ಲು ಕಿತ್ತು, ನೆಲ ಸಮ ಮಾಡಿ, ಇನ್ನೊಬ್ಬರಿಗೆ ಕೊಡುತ್ತಾರೆ. ಈ ಸಲ ಪುರಸಭೆ ಹಳೆಯ ಭಾಗವನ್ನೆಲ್ಲ ಒಟ್ಟಿಗೇ ತೆಗೆದು ಹುಲ್ಲು ಹಾಸುವುದೆಂದು ತೀರ್ಮಾನಿಸಿತು. ದುಡ್ಡು ಕಟ್ಟುತ್ತೇನೆಂದರೂ ಅವಧಿ ಮುಂದುವರಿಸುವುದಿಲ್ಲ. ಊರು ಗೌರವದ ಗೋರಿಗಳೆಂದು ಗುರುತಿಸಿದ ನಾಲ್ಕಾರು ಮಾತ್ರ ಶಾಶ್ವತವಾಗಿ ಉಳಿಯುತ್ತವೆ. ಲೋಥಾರನ ಅಪ್ಪ ಅಮ್ಮ ಮಲಗಿದ್ದದ್ದು ಆ ಹಳೆಯ ಭಾಗದಲ್ಲೇ, ಒಂದೇ ಕಲ್ಲಿನ ಕೆಳಗೆ.

ಇಲ್ಲಿ ಒಂದು ಮಾತು ಹೇಳಲೇಬೇಕು, ಇಲ್ಲದಿದ್ದರೆ ಅನ್ಯಾಯವಾಗುತ್ತದೆ. ಆ ಗೋರಿಯನ್ನು ಅವನು ನೋಡಿಕೊಳ್ಳುತ್ತಿದ್ದ ರೀತಿಗೆ ಎರಡು ಮಾತಿಲ್ಲ. ಪ್ರತಿ ಶನಿವಾರ ನೀರಿನ ಡಬ್ಬಿ ಹಿಡಿದು ಹೋಗುತ್ತಿದ್ದ, ಕಳೆ ಕೀಳುತ್ತಿದ್ದ, ಬ್ರಷ್ಷಿನಿಂದ ಕಲ್ಲಿನ ಪಾಚಿ ಉಜ್ಜುತ್ತಿದ್ದ, ಚಳಿಗಾಲಕ್ಕೆ ಸ್ಪ್ರೂಸ್ ಮರದ ರೆಂಬೆಗಳನ್ನು ಹೊದಿಸುತ್ತಿದ್ದ. ಪುರಸಭೆಯ ಸುದ್ದಿ ಕೇಳಿದ ದಿನ ನನ್ನ ಕೌಂಟರಿಗೆ ಮೊಣಕೈ ಊರಿ ಮಗುವಿನಂತೆ ಅತ್ತುಬಿಟ್ಟ.

"ನಂಗೆ ಯಾರಿದಾರೆ ಹೇಳು ರೋಸಿ? ಸತ್ರೆ ಆ ಇಬ್ಬರ ಕಾಲ್ ಹತ್ರ ಇಷ್ಟು ಜಾಗ ಸಿಗತ್ತೆ ಅಂದ್ಕೊಂಡಿದ್ದೆ. ಅದನ್ನೂ ಕಿತ್ಕೋತಾರಂತೆ."

ಬೋಕರ್ ಬೆನ್ನು ತಟ್ಟಿದ. ಅವನು ಪುರಸಭೆಯ ಸದಸ್ಯನೂ ಹೌದು, ಸ್ಮಶಾನ ಅವನ ಕೈಕೆಳಗೇ ಬರುತ್ತಿತ್ತು. "ಅಳೋದ್ಯಾಕಯ್ಯಾ? ನಿಮ್ಮಪ್ಪ ಆಫ್ರಿಕಾದ ಶೂರ. ಅವ್ರದ್ದನ್ನ ಗೌರವದ ಗೋರಿ ಮಾಡಿಸ್ತೀನಿ. ನಮ್ ಸಂಘಕ್ಕೂ ಒಬ್ಬ ಶೂರ ಬೇಕು, ಬಾವುಟ ಹಿಡ್ಕೊಂಡು ಹೋಗಿ ಗುಂಡು ಹಾರಿಸೋಕೆ ಒಂದು ಜಾಗ ಬೇಕು." ಆದರೆ ಬರೀ ಬಾಯಿಮಾತಿಗೆ ಪುರಸಭೆ ಒಪ್ಪಲಿಲ್ಲ. ಆ ಪದಕಗಳು ಯಾರಿಗೆ ಕೊಟ್ಟವು, ಯಾಕೆ ಕೊಟ್ಟವು ಎಂದು ಬಲ್ಲವರೊಬ್ಬರು ಬಂದು ಹೇಳಲಿ ಎಂದಿತು. ಕಾಸೆಲ್‌ನಿಂದ ರೂಲಾಂಡ್ ಎಂಬ ಡಾಕ್ಟರನ್ನು ಕರೆಸಿದರು. ಕಸುಬು ಹಲ್ಲು ಕೀಳುವುದು, ಹುಚ್ಚು ಹಳೆಯ ಪದಕಗಳದ್ದು.

ಡಾಕ್ಟರು ಬಂದದ್ದು ಭಾನುವಾರ ಮಧ್ಯಾಹ್ನ, ಚರ್ಚು ಬಿಟ್ಟ ಮೇಲೆ. ಹೋಟೆಲು ತುಂಬಿತ್ತು. ಕೈ ತೊಳೆದು ಬಂದು, ಬಿಳಿ ಬಟ್ಟೆ ಹಾಸಿ, ಪಟ್ಟಿಯನ್ನು ಅದರ ಮೇಲೆ ಮಲಗಿಸಿ ಮೊದಲು ಮೂಸಿದರು.

"ಇದೇನು, ಹಲ್ಲುಜ್ಜೋ ಪೇಸ್ಟು?"

"ಹೌದು ಡಾಕ್ಟ್ರೇ, ವಾರಕ್ಕೊಂದ್ಸಲ ಉಜ್ಜಿ ಹೊಳಪು ಕೊಡ್ತೀನಿ," ಎಂದ ಲೋಥಾರ್, ಹೆಮ್ಮೆಯಿಂದ.

"ಚೆನ್ನಾಗಿ ಉಜ್ಜಿದೀರಿ. ಪದಕದ ಮೇಲಿನ ರಾಜರಿಗೆ ಮೂಗೇ ಉಳಿದಿಲ್ಲ."

ಭೂತಕನ್ನಡಿ ಹಿಡಿದು ಎಡದಿಂದ ಬಲಕ್ಕೆ ಒಂದೊಂದನ್ನೇ ನೋಡಿದರು. ಲೋಥಾರ್ ಕತ್ತಿನ ಗುಂಡಿ ಹಾಕಿಕೊಂಡು, ಫೋಟೋ ತೆಗೆಸಿಕೊಳ್ಳುವವನಂತೆ ನೆಟ್ಟಗೆ ಕೂತಿದ್ದ.

"ಮೊದಲ್ನೇದು ನಿಮ್ಮ ಡ್ಯೂಕ್‌ದು," ಎಂದರು ಡಾಕ್ಟರು. "ಯಾವ ದೊರೆ ಪ್ರಜೆಯೋ ಆ ದೊರೆ ಪದಕ ಮೊದಲು ಹೊಲಿಸೋದು ಆಗಿನ ಪದ್ಧತಿ. ಹಾಗಾಗಿ ಮನುಷ್ಯ ಇಲ್ಲಿಯವನೇ. ಆಮೇಲೆ ಪ್ರಷ್ಯಾ, ಸ್ಯಾಕ್ಸನಿ, ಹೆಸ್ಸೆ, ಬಲ್ಗೇರಿಯಾ, ರುಮೇನಿಯಾ. ಎಲ್ಲಾ ಕೆಳಗಿನ ದರ್ಜೆಯವು. ಈಗ ನೀವೇ ನೋಡಿ ಅಧ್ಯಕ್ಷರೇ, ಯುದ್ಧದಲ್ಲಿ ಕೊಟ್ಟಿದ್ದಾದ್ರೆ ಎರಡು ಕತ್ತಿ ಅಡ್ಡಡ್ಡ ಇಟ್ಟಿರ್ತಾರೆ. ಇಲ್ಲೆಲ್ಲಾದ್ರೂ ಒಂದು ಕತ್ತಿ ತೋರ್ಸಿ."

ಬೋಕರ್ ಬಗ್ಗಿ ನೋಡಿದ. ಮೂಗಿನ ಮೇಲಿನ ಬೆವರು ಬಿಳಿ ಬಟ್ಟೆಯ ಮೇಲೆ ಬಿತ್ತು. "ಕತ್ತಿ ಇಲ್ದಿದ್ರೇನಂತೆ, ಆನೆ ಇದೆಯಲ್ಲ! ಆಫ್ರಿಕಾ!"

"ಇದರ ಕಿವಿ ನೋಡಿದೀರಾ? ಆಫ್ರಿಕಾದ ಆನೆ ಕಿವಿ ಮೊರದಷ್ಟಗಲ ಇರತ್ತೆ. ಇದರದು ಇಷ್ಟೇ ಇಷ್ಟು. ಬೆನ್ನ ಮೇಲೆ ಜೂಲು ಬೇರೆ. ಇದು ಪೂರ್ವದೇಶದ ಸಯಾಮ್ ರಾಜರ ಆನೆ ಸ್ವಾಮಿ. ಅವರು ಯೂರೋಪು ಸುತ್ತೋಕೆ ಬಂದಾಗ ಹೋದ ಹೋದ ಅರಮನೇಲಿ ಇಂಥವನ್ನ ಕೊಟ್ಕೊಂಡು ಹೋಗ್ತಿದ್ರು. ನೀವು ಹೇಳೋ ಆಫ್ರಿಕಾದ ಆನೆ ಬಿಲ್ಲೆ ಬಂದಿದ್ದು ಕೈಸರ್ ಹೋದ್ಮೇಲೆ. ಅದನ್ನ ಬಿಡಿಯಾಗಿ ಚುಚ್ಕೋತಿದ್ರು, ಸಾಲಲ್ಲಿ ಹೊಲಿಸ್ತಿರ್ಲಿಲ್ಲ."

"ಹಾಗಾದ್ರೆ ಇದು ಯಾರಿಗೆ ಕೊಟ್ಟಿದ್ದು?" ನಾನೇ ಕೇಳಿದೆ.

"ಇಷ್ಟೊಂದು ದೊರೆಗಳು ಒಬ್ಬನನ್ನೇ ಮೆಚ್ಚಬೇಕಾದ್ರೆ, ಅವನಿದ್ದ ಮನೆಗೆ ಅವರೆಲ್ಲ ಬಂದು ಉಳ್ಕೊಂಡಿರ್ಬೇಕು. ಇದು ಅರಮನೆಯ ಅತಿಥಿ ಕೋಣೆಗಳ ಆಳಿನ ಪಟ್ಟಿ. ಬಿಸಿನೀರು ತಂದುಕೊಡೋದು, ಬೂಟು ಎಳೆಯೋದು, ಬೆಳಿಗ್ಗೆ ಮಂಚದ ಕೆಳಗಿನ ಪಾತ್ರೆ ತಗೊಂಡ್ಹೋಗಿ ಖಾಲಿ ಮಾಡೋದು. ಹೊರಡೋವಾಗ ದೊಡ್ಡ ಅಧಿಕಾರಿಗೆ ದೊಡ್ಡ ನಕ್ಷತ್ರ, ಆಳಿಗೊಂದು ಪದಕ. ಒಂಥರಾ ಟಿಪ್ಸು ಅನ್ನಿ."

ಮೊದಲು ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಬೋಕರ್ ಮಾಡಿದ ಮುಖ ಇದೆಯಲ್ಲ, ಅದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಮೂಗು ಸೊಟ್ಟಗಾಯಿತು. ಪಟ್ಟಿಯನ್ನು ಮುಟ್ಟಿದ್ದ ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡ. "ಛೀ, ಉಚ್ಚೆ ಪಾತ್ರೆ ಹೊತ್ತೋನಾ? ನಾವು ಅವನ ಹೆಸರಲ್ಲಿ ಗ್ಲಾಸ್ ಎತ್ತಿದ್ವಾ?"

ನಾನು ದಂಗಾಗಿ ಅವನನ್ನೇ ನೋಡಿದೆ. ಬಾವಿಯ ಪಕ್ಕ ಮಕ್ಕಳನ್ನು ಕೊಂದವನ ಹೆಸರಿನಲ್ಲಿ ಕುಡಿಯುವಾಗ ಇವನ ಗಂಟಲಿನಲ್ಲಿ ಏನೂ ಸಿಕ್ಕಿಕೊಂಡಿರಲಿಲ್ಲ. ಇನ್ನೊಬ್ಬರ ಹೊಲಸು ತೆಗೆದು ಹೊಟ್ಟೆ ಹೊರೆದವನೆಂದ ತಕ್ಷಣ ವಾಕರಿಕೆ ಬಂತು. ನನಗೂ ವಾಕರಿಕೆಯೇ ಬಂದದ್ದು, ಆದರೆ ಇವನನ್ನು ನೋಡಿ. ಒಂದೇ ಹೋಟೆಲಿನಲ್ಲಿ ಇಬ್ಬರಿಗೂ ಹೇಸಿಗೆಯಾಯಿತು, ಕಾರಣ ಬೇರೆಬೇರೆ.

ಲೋಥಾರ್ ಸುಣ್ಣದಂತೆ ಬಿಳಿಚಿಕೊಂಡಿದ್ದ. "ಹಾಗಾದ್ರೆ ಇದು ನಮ್ಮಪ್ಪಂದಲ್ಲ," ಎಂದ, ಮೆಲ್ಲಗೆ.

"ಅದನ್ನೂ ಹೇಳ್ಬಹುದು, ಸ್ವಲ್ಪ ತಾಳಿ," ಎಂದರು ಡಾಕ್ಟರು. ಸಾಲಿನ ನಡುವೆ, ಆನೆಯ ಕೆಳಗೆ ಅರ್ಧ ಮುಚ್ಚಿಹೋಗಿದ್ದ ಒಂದು ಚಿಕ್ಕ ಪದಕವನ್ನು ಎತ್ತಿ ತೋರಿಸಿದರು. "ಇದೊಂದನ್ನ ಯಾವ ದೊರೆಯೂ ಟಿಪ್ಸ್ ಥರ ಕೊಡಲ್ಲ. ಸ್ವಂತ ಪ್ರಾಣ ಒತ್ತೆ ಇಟ್ಟು ಇನ್ನೊಂದು ಜೀವ ಉಳಿಸಿದೋರಿಗೆ ಮಾತ್ರ ಇದು. ಇಷ್ಟು ಪುಟ್ಟ ರಾಜ್ಯದಲ್ಲಿ ಅರಮನೆ ಆಳೊಬ್ಬ ಇದನ್ನ ತಗೊಂಡಿದ್ರೆ ಆ ಕಥೆ ಯಾರಿಗಾದ್ರೂ ಗೊತ್ತಿರ್ಲೇಬೇಕು. ನಿಮ್ಮೂರಲ್ಲಿ ಅಂಥದ್ದೇನಾದ್ರೂ ಕೇಳಿದೀರಾ? ಬೆಂಕಿಯಿಂದಲೋ, ನೀರಿಂದಲೋ?"

ಯಾರೂ ಕೇಳಿರಲಿಲ್ಲ. ಆಗ ಕಿಟಕಿಯ ಹತ್ತಿರ ಕೂತಿದ್ದ ಕ್ರಾಮರ್ ಅಜ್ಜಿ ಚಮಚ ಕೆಳಗಿಟ್ಟರು. ಎಂಬತ್ತೇಳರ ಮುದುಕಿ. ಹುಟ್ಟಿದ್ದು ಇಲ್ಲಿ, ಮದುವೆಯಾಗಿ ಯೇನಾದಲ್ಲಿದ್ದವರು. ಗಂಡ ಹೋದ ಮೇಲೆ ಚರ್ಚಿನ ವೃದ್ಧಾಶ್ರಮಕ್ಕೆ ಬಂದು ಸೇರಿದ್ದರು. ನನ್ನಲ್ಲಿಗೆ ಬರುತ್ತಿದ್ದದ್ದು ಭಾನುವಾರದ ಊಟಕ್ಕೆ ಮಾತ್ರ. ಕಿವಿ ಸ್ವಲ್ಪ ಮಂದ.

"ಯಾರನ್ನ ನೀರಿಂದ ಎತ್ತಿದ್ದು ಅಂದ್ರಿ?"

"ನಿಮಗೇನಾದ್ರೂ ಗೊತ್ತಾ ಅಜ್ಜಿ?" ನಾನು ಕಿವಿಯ ಹತ್ತಿರ ಕೂಗಿದೆ.

"ಗೊತ್ತಾ ಅಂದ್ರೆ? ನನ್ನನ್ನೇ ಎತ್ತಿದ್ದು!"

ಡಾಕ್ಟರು ಕುರ್ಚಿ ತಿರುಗಿಸಿಕೊಂಡು ಅಜ್ಜಿಯ ಎದುರಿಗೆ ಹೋಗಿ ಕೂತರು. ಅಜ್ಜಿ ಯಾವ ಆತುರವೂ ಇಲ್ಲದೆ ಬಾಯಿ ಒರೆಸಿಕೊಂಡು ಹೇಳಿದರು.

"ನಂಗಾಗ ನಾಲ್ಕು ವರ್ಷ. ನಮ್ಮಪ್ಪ ಅರಮನೆ ತೋಟದ ಮಾಲಿ. ಮಾರ್ಚ್ ತಿಂಗ್ಳು, ಹಿಮ ಕರಗಿ ಗಿರಣಿ ಕಟ್ಟೆ ಹತ್ರ ನೀರು ಹುಚ್ಚೆದ್ದು ಹರೀತಿತ್ತು. ನಾನು ಜಾರಿ ಬಿದ್ದೆ. ಮೇಲ್ಗಡೆ ಜಗಲಿ ಮೇಲೆ ದೊಡ್ಡೋರೆಲ್ಲ ಕಾಫಿ ಕುಡೀತಾ ನಿಂತಿದ್ರು. ಎಲ್ರೂ ನೋಡಿದ್ರು. ಇಳ್ದು ಬಂದಿದ್ದು ಆಲ್ವಿನ್ ಮಾಮ ಒಬ್ರೇ. ಕೈಲಿದ್ದ ತಟ್ಟೆ ಬಿಸಾಕಿ, ಹಾಕ್ಕೊಂಡಿದ್ದ ಅರಮನೆ ಬಟ್ಟೇಲೇ ಧುಮುಕಿದ್ರು. ಬಿಳಿ ಕೈಗವಸು ಹಾಕ್ಕೊಂಡಿದ್ರು. ಜುಟ್ಟು ಹಿಡಿದು ಎತ್ತಿದ್ರು ನನ್ನ. ಒಡೆದ ಪಿಂಗಾಣಿಗೆ ಅರಮನೆಯೋರು ಅವರ ಸಂಬಳದಲ್ಲಿ ಹಿಡ್ಕೊಂಡ್ರು ಗೊತ್ತಾ? ಪದಕ ಕೊಟ್ಟಿದ್ದು ಎಷ್ಟೋ ತಿಂಗಳಾದ್ಮೇಲೆ."

"ಆಲ್ವಿನ್ ಮಾಮ ಅಂದ್ರೆ?" ಡಾಕ್ಟರು ಕೇಳಿದರು.

"ಆಲ್ವಿನ್ ಟ್ರೀಬೆಲ್. ಇನ್ಯಾರು?" ಅಜ್ಜಿ ಕಣ್ಣು ಕಿರಿದು ಮಾಡಿ ಲೋಥಾರನನ್ನು ನೋಡಿದರು. "ನೀನು ಹೆರ್ಟಾ ಮಗ ಅಲ್ವೇನಪ್ಪಾ? ನಿಮ್ಮಮ್ಮ ಬಸುರಿಯಾಗಿದ್ದಾಗ ನಾನು ಪ್ಲಮ್ ಕೇಕು ತಂದ್ಕೊಡ್ತಿದ್ದೆ. ಹಣೆ ಥೇಟ್ ನಿಮ್ಮಪ್ಪಂದೇ."

ಲೋಥಾರ್ ಎದ್ದು ಹೊರಟೇಹೋದ. ಪದಕಗಳ ಪಟ್ಟಿ ಬಟ್ಟೆಯ ಮೇಲೆಯೇ ಉಳಿಯಿತು.

ನಾನು ಅಂದುಕೊಂಡೆ, ಮುಗಿಯಿತು, ಇನ್ನು ಆ ಗೋರಿ ಉಳಿಯುವುದಿಲ್ಲ ಎಂದು. ಆದರೆ ಕ್ರಾಮರ್ ಅಜ್ಜಿಯ ಗಟ್ಟಿತನ ನನಗೆ ಗೊತ್ತಿರಲಿಲ್ಲ. ಕೋಲೂರಿಕೊಂಡು ಪುರಸಭೆಯ ಮೆಟ್ಟಿಲು ಹತ್ತಿದರು. ಸಭೆಯ ನಡುವೆ ನಿಂತು, "ಕೊಂದೋನಿಗೆ ಜಾಗ ಕೊಡೋಕೆ ತಯಾರಾಗಿದ್ರಿ, ಉಳಿಸಿದೋನಿಗೆ ಯಾಕ್ ಕೊಡಲ್ಲ, ನಂಗೆ ಕೇಳಿಸೋ ಹಾಗೆ ಜೋರಾಗಿ ಹೇಳಿ" ಎಂದರಂತೆ. ಜೋರಾಗಿ ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. ಬೋಕರ್ ಗೊಣಗಿದರೂ ಉಳಿದವರು ಕೈ ಎತ್ತಿದರು. ಗೋರಿ ಶಾಶ್ವತವಾಗಿ ಉಳಿಯುತ್ತದೆ, ಮುಂದೆ ಮಗನನ್ನೂ ಅಲ್ಲೇ ಹೂಳಬಹುದು. ಕಲ್ಲಿನ ಮೇಲೊಂದು ಹಿತ್ತಾಳೆ ಫಲಕ ಹಾಕುವುದು: ಅರಮನೆಯ ಆಳು ಆಲ್ವಿನ್ ಟ್ರೀಬೆಲ್, ಮುಳುಗುತ್ತಿದ್ದ ಮಗುವನ್ನು ಉಳಿಸಿದವರು. ವಾರಸುದಾರನಾದ ಮಗ ಹೂಂ ಎನ್ನಬೇಕು, ಅಷ್ಟೆ.

ಅಷ್ಟರಲ್ಲಿ ಬಂದೂಕು ಸಂಘದ ಗಂಡಸರು ತಮ್ಮ ಯೋಗ್ಯತೆ ತೋರಿಸಿದ್ದರು. ಶುಕ್ರವಾರ ಲೋಥಾರ್ ಬಂದಾಗ ಅವನ ಕುರ್ಚಿಯ ಮೇಲೆ ಒಂದು ಹಳೆಯ ಉಚ್ಚೆ ಪಾತ್ರೆ ಇತ್ತು. ಯಾರೋ ಅದರೊಳಗೆ ಬಿಯರ್ ಹುಯ್ದು, ತಮ್ಮ ಟೋಪಿಯ ಗರಿ ಸಿಕ್ಕಿಸಿದ್ದರು. "ಲೋಥಾರ್, ಇದನ್ನ ಸ್ವಲ್ಪ ಖಾಲಿ ಮಾಡ್ಕೊಂಡ್ ಬಾರಯ್ಯಾ, ನಿಮ್ ಮನೆತನದ ಕಸುಬು" ಎಂದ ಒಬ್ಬ. ಮೇಜಿಗೆ ಮೇಜೇ ಬಿದ್ದು ಬಿದ್ದು ನಕ್ಕಿತು. ಬೋಕರನ ಕಣ್ಣಿನಲ್ಲಿ ನೀರು ಬರುವಷ್ಟು ನಗು. ನಾನು ಆ ಪಾತ್ರೆಯನ್ನು ಎತ್ತಿಕೊಂಡು ಹೋಗಿ ಬೀದಿಗೆ ಎಸೆದು ಬಂದೆ. ಕೈಯನ್ನು ಎಷ್ಟು ತೊಳೆದರೂ ಆ ನಗು ಅಂಟಿಕೊಂಡ ಹಾಗೆ ಅನಿಸುತ್ತಿತ್ತು.

ಲೋಥಾರ್ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. ಕಡುಬಿಗೆ ಆಲೂಗಡ್ಡೆ ತುರಿಯುತ್ತಿದ್ದೆ. ಕೂರು ಎಂದೆ, ಕೂತ.

"ನಿಂಗೆ ಮೊದಲಿಂದ್ಲೂ ಗೊತ್ತಿತ್ತಾ?" ಎಂದು ಕೇಳಿದೆ.

"ಗೊತ್ತಿಲ್ದೆ ಏನು? ಡ್ಯೂಕ್ ಓಡಿಹೋದ್ಮೇಲೆ ಅಪ್ಪಂಗೆ ಕೆಲ್ಸ ಇರ್ಲಿಲ್ಲ. ಸ್ಟೇಷನ್ ಹತ್ರ ದೊಡ್ಡ ಹೋಟೆಲ್ ಇತ್ತಲ್ಲ, ಅದರ ಕಕ್ಕಸು ಕಾಯೋಕೆ ನಿಂತ. ಬಿಳಿ ಕೋಟು, ಬಾಗ್ಲಲ್ಲಿ ಕುರ್ಚಿ, ಪಕ್ಕದಲ್ಲಿ ಕಾಸು ಹಾಕೋ ತಟ್ಟೆ. ನನ್ನ ಸ್ಕೂಲಿನ ಹುಡುಗ್ರು ಬೇಕಂತ್ಲೇ ಅಲ್ಲಿಗೆ ಹೋಗೋರು. ತಟ್ಟೆಗೆ ಪ್ಯಾಂಟಿನ ಗುಂಡಿ ಹಾಕೋರು. ಅಪ್ಪ ಎದ್ದು ನಿಂತು ತಲೆ ಬಗ್ಗಿಸಿ ಅವರಿಗೂ 'ಧನ್ಯವಾದ ಸ್ವಾಮಿ' ಅನ್ನೋನು." ಅವನು ಅಂಗೈಯಿಂದ ಮುಖ ಉಜ್ಜಿಕೊಂಡ. "ಒಂದಿನ ನಾನು ಈ ಪಟ್ಟಿ ಕದ್ಕೊಂಡು ಸ್ಕೂಲಿಗೆ ಹೋದೆ. ಮೇಷ್ಟ್ರು ಆನೆ ನೋಡಿ, 'ಆಹಾ, ಆಫ್ರಿಕಾ!' ಅಂದ್ರು. ಇಡೀ ಕ್ಲಾಸು ಎದ್ದು ನಿಂತ್ಕೊಳ್ತು. ನಾನು ಇಲ್ಲ ಅನ್ಲಿಲ್ಲ. ಮಾರನೇ ದಿನದಿಂದ ಯಾರೂ ಗುಂಡಿ ಹಾಕ್ಲಿಲ್ಲ ರೋಸಿ."

ಸುಳ್ಳು ಹೇಳುವುದಿಲ್ಲ, ಆ ಗಳಿಗೆಯಲ್ಲಿ ನನ್ನ ಕರುಳು ಚುರ್ ಎಂದಿತು. ಅವನ ಮುಂದೆ ಒಂದು ತಟ್ಟೆ ಸೂಪು ಇಟ್ಟೆ.

"ಆಯ್ತು, ಆಗ ನೀನು ಹುಡುಗ. ಈಗ ನಿಂಗೆ ಎಪ್ಪತ್ಮೂರು. ಬೋಕರ್ ನಗ್ತಾನೆ, ನಗ್ಲಿ ಬಿಡು, ಅವನ ಹಲ್ಲು ಅವನಿಗೆ. ಒಂದ್ ಮಾತು ಹೂಂ ಅಂದ್ರೆ ನಿಮ್ಮಪ್ಪ ಅಮ್ಮನ ಜಾಗ ಉಳಿಯತ್ತೆ, ನಿಂಗೂ ಅಲ್ಲೇ ಜಾಗ. ಆ ಶ್ರೀಮಂತ್ರೆಲ್ಲ ಕಾಫಿ ಹಿಡ್ಕೊಂಡು ನಿಂತಿದ್ದಾಗ ನೀರಿಗೆ ಬಿದ್ದೋನು ನಿಮ್ಮಪ್ಪ. ಇದಕ್ಕಿಂತ ಇನ್ನೇನು ಬೇಕಯ್ಯಾ ಮನುಷ್ಯನಿಗೆ?"

ಅವನು ಸೂಪು ಪೂರ್ತಿ ಕುಡಿದ. ಹೋಗುವಾಗ ನನ್ನ ಭುಜ ಮುಟ್ಟಿದ. ಒಪ್ಪಿಕೊಂಡ ಎಂದೇ ನಾನು ತಿಳಿದೆ, ಅಜ್ಜಿಗೂ ಹಾಗೇ ಹೇಳಿ ಕಳಿಸಿದೆ.

ಮುಂದಿನ ಶುಕ್ರವಾರ ಅಜ್ಜಿ ಹ್ಯಾಟು ಹಾಕಿಕೊಂಡು, ಕತ್ತಿಗೆ ಬ್ರೋಚು ಚುಚ್ಚಿಕೊಂಡು ಸಂಜೆಯೇ ಬಂದರು. ಮೇಜು ತುಂಬಿತ್ತು. ಲೋಥಾರ್ ಬಂದ. ಗಡ್ಡ ಹೆರೆದು, ಸಂಘದ ಹಸಿರು ಕೋಟು ತೊಟ್ಟಿದ್ದ. ಬೋಕರ್ ಗಂಟಲು ಸರಿಮಾಡಿಕೊಂಡು, ಪುರಸಭೆಯ ಪರವಾಗಿ ಕೇಳುತ್ತಿದ್ದೇನೆ ಎಂದು ಶುರುಮಾಡಿದ. ಅವನ ತುಟಿಯ ಮೂಲೆಯಲ್ಲಿ ನಗು ಆಗಲೇ ಕಾದು ಕೂತಿತ್ತು.

"ಅರಮನೆಯ ಆಳು ಆಲ್ವಿನ್ ಟ್ರೀಬೆಲ್ ಅಂತ ಫಲಕ ಹಾಕಿ ಗೋರಿ ಉಳಿಸ್ಕೊಳ್ಳೋಕೆ ನಿನ್ನ ಒಪ್ಪಿಗೆ ಇದೆಯಾ ಲೋಥಾರ್? ಮಗ ಅಂತ ನೀನು ಹೂಂ ಅನ್ಬೇಕು. ಇಲ್ದಿದ್ರೆ ಸೋಮವಾರ ನೆಲ ಸಮ ಮಾಡೋ ಯಂತ್ರ ಬರತ್ತೆ."

ಲೋಥಾರ್ ಮೇಜಿನ ಸುತ್ತ ಒಬ್ಬೊಬ್ಬರ ಮುಖವನ್ನೂ ನೋಡಿದ. ನನ್ನನ್ನು ನೋಡಲಿಲ್ಲ.

"ಅದು ನಮ್ಮಪ್ಪನ ಗೋರಿ ಅಲ್ಲ," ಎಂದ. "ನಮ್ಮಪ್ಪ ಸತ್ತಿದ್ದು ಆಫ್ರಿಕಾದಲ್ಲಿ."

ಬೋಕರನ ನಗು ಅಲ್ಲೇ ನಿಂತಿತು. ಕ್ರಾಮರ್ ಅಜ್ಜಿಗೆ ಸರಿಯಾಗಿ ಕೇಳಿಸಲಿಲ್ಲವೋ ಏನೋ, ಕೈಯನ್ನು ಕಿವಿಗೆ ಇಟ್ಟುಕೊಂಡು ಮುಂದಕ್ಕೆ ಬಾಗಿ, ಬೈಯುವ ದನಿಯಲ್ಲಲ್ಲ, ನಿಜವಾಗಿ ತಿಳಿಯಬೇಕೆಂಬ ದನಿಯಲ್ಲಿ ಕೇಳಿದರು.

"ಹಾಗಾದ್ರೆ ಹೆರ್ಟಾ ಪಕ್ಕದಲ್ಲಿ ಮಲಗಿರೋದು ಯಾರಪ್ಪಾ?"

"ಯಾರೋ," ಎಂದ ಲೋಥಾರ್. "ಯಾರೋ ಅರಮನೆ ಆಳು."

ತಾಯಿಯ ಬಗ್ಗೆ ತಾನು ಏನು ಹೇಳಿದೆ ಎಂಬುದು ಅವನಿಗೆ ಆ ಕ್ಷಣ ಹೊಳೆದಿರಲಾರದು. ಹೊಳೆದಾಗ ಅಜ್ಜಿಯ ಕಡೆ ತಿರುಗಿದ. ಅಜ್ಜಿ ಹ್ಯಾಟು ಸರಿಮಾಡಿಕೊಂಡು ಎದ್ದರು, ನಾನು ಬಾಗಿಲವರೆಗೆ ಕೈಹಿಡಿದು ಕರೆದುಕೊಂಡು ಹೋದೆ. ಹಿಂದಿನಿಂದ ಬೋಕರ್ "ರೋಸ್‌ವಿಥಾ, ಲೋಥಾರ್‌ಗೊಂದು ಬಿಯರ್ ತಾರಮ್ಮ" ಎಂದದ್ದು ಕೇಳಿಸಿತು. ನೀವೇ ಹುಯ್ಕೊಂಡು ಸಾಯಿರಿ ಎಂದು ಹೇಳಿ ಅಂಗಳಕ್ಕೆ ಹೋಗಿ ಕಕ್ಕಿಕೊಂಡೆ.

ಸೋಮವಾರ ಯಂತ್ರ ಬಂತು. ಅಜ್ಜಿಯೂ ನಾನೂ ಹೋಗಿದ್ದೆವು. ಕಲ್ಲನ್ನು ಸರಪಳಿಯಿಂದ ಎಳೆದಾಗ ಅದು ಅಡ್ಡಲಾಗಿ ಎರಡಾಯಿತು, ಮೇಲಿನ ತುಂಡಿನಲ್ಲಿ ಆಲ್ವಿನ್, ಕೆಳಗಿನದರಲ್ಲಿ ಹೆರ್ಟಾ. ಯಂತ್ರದ ಆಸಾಮಿ ಇಳಿದು ಬಂದು, ಮನೆಯವರು ಯಾರಾದರೂ ಇದ್ದಾರಾ, ಕಲ್ಲು ಬೇಕಿತ್ತಾ ಎಂದು ಕೇಳಿದ. ಯಾರೂ ಇಲ್ಲ ಎಂದೆವು.